ಹನ್ನೊಂದು ನಿಮಿಷದ ಗೆರೆ

ನಮ್ಮ ಕೇಂದ್ರದ ಗೇಟಿನ ಬಳಿ ಒಂದು ಮರದ ಪೆಟ್ಟಿಗೆ ಇತ್ತು. ಒಳಗೆ ಹೋಗುವವರು ಯಾರೇ ಆಗಿರಲಿ, ಮೈಮೇಲಿನ ಕಬ್ಬಿಣವನ್ನೆಲ್ಲ ಅದರಲ್ಲಿ ಹಾಕಿ ಹೋಗಬೇಕು. ಬೀಗದ ಕೈ, ಕೈಗಡಿಯಾರ, ಬೆಲ್ಟಿನ ಕೊಂಡಿ, ತಲೆಯ ಪಿನ್ನು, ಎಲ್ಲವೂ. ಪೆಟ್ಟಿಗೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ ಮುದಿ ಕಾವಲುಗಾರನನ್ನು ನಾವೆಲ್ಲ ಗೇಟ್ ತಾತ ಎನ್ನುತ್ತಿದ್ದೆವು. ಅವನ ಕೈಯಲ್ಲಿ ಗಾಜಿನ ಮುಚ್ಚಳದ ಒಂದು ಡಬ್ಬಿ, ಅದರೊಳಗೆ ದಾರದಲ್ಲಿ ತೂಗುವ ಸಣ್ಣ ಕಾಂತಸೂಜಿ. ಒಬ್ಬೊಬ್ಬರ ಮೈಗೂ ಅದನ್ನು ಹಿಡಿದು ನೋಡುತ್ತಿದ್ದ. ಸೂಜಿ ಅಲುಗಿದರೆ ಎಲ್ಲೋ ಕಬ್ಬಿಣ ಉಳಿದಿದೆ ಎಂದೇ ಲೆಕ್ಕ.

“ಮೈಮೇಲೆ ಏನೂ ಇಲ್ಲ ತಾಯಿ. ತಲೆಯೊಳಗೆ ಏನಾದ್ರೂ ಇದ್ರೆ ಅದನ್ನೂ ಇಲ್ಲೇ ಬಿಟ್ಟು ಹೋಗಿ, ಒಳಗೆ ಯಾರಿಗೂ ಅದರ ಅಗತ್ಯ ಬೀಳಲ್ಲ,” ಎಂದು ದಿನಾ ಬೆಳಿಗ್ಗೆ ಅದೇ ತಮಾಷೆ ಮಾಡುತ್ತಿದ್ದ. ಒಮ್ಮೆ ಕೇಂದ್ರದ ಮುಖ್ಯಸ್ಥರಾದ ದೊಡ್ಡ ಸಾಹೇಬರ ಕಟ್ಟಿಸಿದ ಹಲ್ಲಿನಲ್ಲಿ ಉಕ್ಕಿನ ತಂತಿ ಇರುವುದನ್ನು ಸೂಜಿ ತೋರಿಸಿಕೊಟ್ಟಿತ್ತು. ಅವರು ಹಲ್ಲಿನ ಸೆಟ್ಟನ್ನು ಪೆಟ್ಟಿಗೆಗೆ ಹಾಕಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಒಳಗೆ ಹೋಗಿದ್ದರು. ಆ ಕತೆಯನ್ನು ಅವನು ವರ್ಷಗಟ್ಟಲೆ ಹೇಳಿಕೊಂಡು ನಕ್ಕ.

ನಾವು ಅಳೆಯುತ್ತಿದ್ದದ್ದು ಭೂಮಿಯ ಕಾಂತಶಕ್ತಿಯನ್ನು. ನೂರು ಕಿಲೋಮೀಟರ್ ಮೇಲೆ, ಗಾಳಿ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗಾದ ಕಡೆ, ಆಕಾಶದಲ್ಲಿ ವಿದ್ಯುತ್ತು ಹೊಳೆಯಂತೆ ಹರಿಯುತ್ತಿರುತ್ತದೆ. ಅಲ್ಲಿ ಏರುಪೇರಾದರೆ ಇಲ್ಲಿ ನೆಲದ ಮೇಲಿನ ಸೂಜಿ ಕೂದಲೆಳೆಯಷ್ಟು ತಿರುಗುತ್ತದೆ. ಸೂಜಿಗೆ ಅಂಟಿಸಿದ ಪುಟ್ಟ ಕನ್ನಡಿಗೆ ಬೆಳಕು ಬಿದ್ದು, ಆ ಬೆಳಕಿನ ಚುಕ್ಕೆ ಸುತ್ತುವ ಡ್ರಮ್ಮಿನ ಫೋಟೋ ಕಾಗದದ ಮೇಲೆ ಗೆರೆ ಎಳೆಯುತ್ತದೆ. ಅಂಥ ನಾಜೂಕಿನ ಸೂಜಿಗೆ ಆಕಾಶದ ಹೊಳೆಯೂ ಒಂದೇ, ಹತ್ತಿರ ಬಂದ ಒಂದು ಕತ್ತರಿಯೂ ಒಂದೇ. ಅದಕ್ಕೇ ಆ ಪೆಟ್ಟಿಗೆ, ಅದಕ್ಕೇ ಡ್ರಮ್ಮಿನ ಕೋಣೆಯ ಸುತ್ತ ನೆಟ್ಟ ಬಿಳಿ ಕಲ್ಲುಗಳು. ಬಿಳಿ ಕಲ್ಲಿನ ಒಳಗೆ ಕಬ್ಬಿಣ ಕೂಡದು.

ಕೇಂದ್ರ ಸೈನ್ಯದ್ದು. ಸೈನ್ಯಕ್ಕೆ ಆಕಾಶದ ಮೇಲೆ ಯಾಕಿಷ್ಟು ಪ್ರೀತಿ ಎಂದು ಮೊದಲು ನನಗೆ ಅರ್ಥವಾಗಿರಲಿಲ್ಲ. ಆ ಹೊಳೆಯನ್ನು ಕದಡಿದರೆ ಅದರ ಕೆಳಗಿನ ಊರುಗಳ ರೇಡಿಯೋ ಮಾತೆಲ್ಲ ಸತ್ತುಹೋಗುತ್ತದೆ ಎಂದು ಆಮೇಲೆ ತಿಳಿಯಿತು. ಶತ್ರುವಿನ ತಲೆಯ ಮೇಲಿನ ಆಕಾಶವನ್ನು ಕಿವುಡು ಮಾಡುವುದು ಅವರ ಯೋಜನೆ. ಶತ್ರುವಿನ ಊರಲ್ಲೂ ಆಸ್ಪತ್ರೆಯ ಗಾಡಿಗಳು ಇರುತ್ತವಲ್ಲ, ಸಮುದ್ರದಲ್ಲಿ ದೋಣಿಗಳು ಇರುತ್ತವಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ. ನನ್ನ ಕೆಲಸ ಗಂಟೆಗೊಮ್ಮೆ, ಡ್ರಮ್ಮಿನ ಕೋಣೆಯ ಆಚೆ ತುದಿಗಿದ್ದ ಅಳತೆ ಮನೆಯಲ್ಲಿ ಕೂತು ಅಂಕಿ ಓದುವುದು, ದಾಖಲೆ ಪುಸ್ತಕದಲ್ಲಿ ಬರೆಯುವುದು.

ಆ ಪುಸ್ತಕದ ಕೊನೆಯ ಅಂಕಣಕ್ಕೆ ‘ಷರಾ’ ಎಂದು ಹೆಸರು. ಅಳತೆ ಕೆಡಿಸುವಂಥದ್ದು ಏನೇ ನಡೆದರೂ ಅಲ್ಲಿ ಬರೆಯಬೇಕು. ‘ಹನ್ನೊಂದಕ್ಕೆ ಸಿಡಿಲು.’ ‘ಮೂರೂ ಕಾಲಿಗೆ ನೀರಿನ ಟ್ಯಾಂಕರ್ ಗೇಟಿನವರೆಗೆ ಬಂತು.’ ‘ವೀಕ್ಷಕಿಯ ಅಂಗಿಯಲ್ಲಿ ಸೂಜಿ ಉಳಿದಿತ್ತು, ಕ್ಷಮಿಸಿ.’ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೆ ಕೆಳಗಿನ ಅಕ್ಷರ ಓದಲು ಬರುವ ಹಾಗೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸಹಿ ಹಾಕಬೇಕು. ಕೆಲಸಕ್ಕೆ ಸೇರಿದ ದಿನವೇ ಇದನ್ನು ಕಲಿಸಿಕೊಟ್ಟದ್ದು ದೊಡ್ಡ ಸಾಹೇಬರೇ. “ಗೆರೆ ಸುಳ್ಳು ಹೇಳಬಹುದು. ಷರಾ ಹೇಳಬಾರದು,” ಎಂದಿದ್ದರು.

ನನ್ನ ಗಂಡ ಅದೇ ಕೇಂದ್ರದ ಬಡಗಿ. ಮೊಳೆ ಇಲ್ಲದೆ, ಮರದ ಗೂಟ ಮತ್ತು ಹಿತ್ತಾಳೆಯ ತಿರುಪಿನಲ್ಲೇ ಅಲ್ಲಿನ ಕೋಣೆಗಳನ್ನೆಲ್ಲ ಕಟ್ಟಿದವರು ಅವರು. ಮನೆಯಲ್ಲೂ ನಮಗೆ ಅದೇ ಅಭ್ಯಾಸ ಅಂಟಿತ್ತು. ನನ್ನ ಜಡೆಗೆ ದಾರ, ಅಂಗಿಗೆ ಮರದ ಗುಂಡಿ. ಹಾಗೆ ಬದುಕಿದ ಇಬ್ಬರಿಗೆ ಹುಟ್ಟಿದ ಮಗಳ ಎಡಗಾಲು ಸೊರಗಿತ್ತು. ಮೂರನೇ ವರ್ಷಕ್ಕೆ ಅವಳ ಕಾಲಿಗೆ ಎರಡೂ ಬದಿ ಉಕ್ಕಿನ ಪಟ್ಟಿ ಬಂತು.

ಬಾಯಿ ಮುಚ್ಚದೆ ಮಾತಾಡುವ ಅವಳಿಗೆ ನಾವಿಟ್ಟ ಹೆಸರು ಚಿಲಿಪಿಲಿ. ಸಂಜೆ ಪಾತ್ರೆ ತೊಳೆದಾದ ಮೇಲೆ ಅವಳ ಪಟ್ಟಿ ಬಿಚ್ಚುತ್ತಿದ್ದೆ. ಚರ್ಮದ ಬೆಲ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಂಡಿಯ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಕೆಂಪಾದ ಚರ್ಮವನ್ನು ಬೆಚ್ಚನೆಯ ನೀರಿನಲ್ಲಿ ನೀವುತ್ತಿದ್ದೆ. ಅಷ್ಟೂ ಹೊತ್ತು ಅವಳು ಶಾಲೆಯ ಸುದ್ದಿ ಹೇಳುತ್ತಿದ್ದಳು. ಏಳು ವರ್ಷವಾಗಿದ್ದರೂ ಕೈ ಹಿಡಿದುಕೊಳ್ಳದೆ ಮಂಚದಿಂದ ಬಾಗಿಲವರೆಗೆ ಮಾತ್ರ ನಡೆಯುತ್ತಿದ್ದಳು. ಬೀಳುವ ಭಯ ಕಾಲಿಗಿಂತ ಹೆಚ್ಚಾಗಿ ತಲೆಯಲ್ಲಿತ್ತು.

ಕೇಂದ್ರದ ಆಸ್ಪತ್ರೆಯ ಮೂಳೆ ಡಾಕ್ಟರು ಕೊನೆಗೂ ದಿನ ಕೊಟ್ಟಿದ್ದರು. “ಎಂಟು ತುಂಬೋದ್ರೊಳಗೆ ಮಾಡಿದ್ರೆ ಮಂಡಿ ಪೂರ್ತಿ ಮಡಚುತ್ತೆ. ಈ ಕಬ್ಬಿಣ ಕಿತ್ತು ಬಿಸಾಕಬಹುದು. ತಡ ಆದ್ರೆ ನಾನು ಮಾತು ಕೊಡಲ್ಲ,” ಎಂದಿದ್ದರು. ಮುಂದಿನ ತಿಂಗಳು ಹನ್ನೆರಡನೇ ತಾರೀಖು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಚಿಲಿಪಿಲಿ ಅದರ ಸುತ್ತ ಹೂವು ಬರೆದಿದ್ದಳು.

ಸೈನ್ಯದ ಆ ಯೋಜನೆಯ ಮೊದಲ ದೊಡ್ಡ ಪರೀಕ್ಷೆಯ ದಿನ, ಶಾಲೆಯಲ್ಲಿ ನೀರಿಲ್ಲವೆಂದು ಮಕ್ಕಳನ್ನು ವಾಪಸು ಕಳಿಸಿದರು. ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಅವಳನ್ನು ಗೇಟ್ ತಾತನ ಹತ್ತಿರ ಕೂರಿಸಿ ಒಳಗೆ ಹೋದೆ.

“ಏನೇ ಪುಟ್ಟಿ, ನಿನ್ನ ಕಾಲನ್ನ ಈ ಪೆಟ್ಟಿಗೆಗೆ ಹಾಕ್ಲಾ?” ಎಂದು ತಾತ ಕೇಳುವುದು ಕಿವಿಗೆ ಬಿತ್ತು.

“ಹಾಕು. ನಿನ್ನ ಮೀಸೇನೂ ಹಾಕು, ಅದೂ ತಂತಿ ಥರ ಇದೆ,” ಎಂದಳು.

ರಾಕೆಟ್ಟು ಹಾರುವ ಸಮಯ ಎರಡೂ ಮೂವತ್ತು. ಮೇಲೆ ಹೋಗಿ ಒಂದು ಹೊರೆ ಲೋಹದ ಹಬೆ ಚೆಲ್ಲುವುದು ಎರಡೂ ಮೂವತ್ತೆಂಟಕ್ಕೆ. ಆಮೇಲೆ ಸೂಜಿ ತಿರುಗಬೇಕು. ಅದನ್ನು ಬಿಡಿಸಿ ನೋಡಲೆಂದು ಅವತ್ತು ಡ್ರಮ್ಮನ್ನು ಎಂದಿಗಿಂತ ಎಷ್ಟೋ ಪಟ್ಟು ವೇಗವಾಗಿ ಓಡಿಸುತ್ತಿದ್ದರು. ನಾನು ನಿಮಿಷಕ್ಕೊಂದು ಅಂಕಿ ಓದಬೇಕಿತ್ತು, ಕತ್ತೆತ್ತಲು ಬಿಡುವಿರಲಿಲ್ಲ.

ಸೈರನ್ನು ಕೂಗಿತು. ನಾನು ಅದರ ಬಗ್ಗೆ ಮಗಳಿಗೆ ಹೇಳುವುದನ್ನೇ ಮರೆತಿದ್ದೆ. ಅದೇ ಹೊತ್ತಿಗೆ ಬೆಂಕಿ ಆರಿಸುವ ಗಾಡಿ ಬಂತೆಂದು ತಾತನನ್ನು ಹಿಂದಿನ ಗೇಟಿಗೆ ಕರೆದಿದ್ದರು.

ಎರಡೂ ಐವತ್ತೊಂದಕ್ಕೆ ಅಳತೆ ಮನೆಯ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಚಿಲಿಪಿಲಿ. ಒಂದು ಮಂಡಿ ತರಚಿತ್ತು, ಅಂಗೈಗೆಲ್ಲ ಗೋಡೆಯ ಸುಣ್ಣ ಮೆತ್ತಿತ್ತು.

“ಅಮ್ಮಾ, ನಾನೇ ಬಂದೆ. ಯಾರೂ ಹಿಡ್ಕೊಂಡಿಲ್ಲ.”

ನಾನು ಅವಳನ್ನು ಬಾಚಿ ಎತ್ತಿಕೊಂಡೆ. ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ. ಗೇಟಿನಿಂದ ಅಲ್ಲಿಗೆ ಇನ್ನೂರು ಹೆಜ್ಜೆ. ಒಬ್ಬಳೇ ಅಷ್ಟು ದೂರ ಅವಳು ಹುಟ್ಟಿದ ಮೇಲೆ ನಡೆದಿರಲಿಲ್ಲ. ಆಮೇಲೆ ತೊಡೆಗೆ ತಣ್ಣಗೆ ಒತ್ತುತ್ತಿದ್ದ ಉಕ್ಕಿನ ಪಟ್ಟಿಯ ಅರಿವಾಯಿತು. ಅವಳು ಹಿಡಿದುಕೊಂಡು ಬಂದದ್ದು ಡ್ರಮ್ಮಿನ ಕೋಣೆಯ ಗೋಡೆ. ಆ ಗೋಡೆಯಾಚೆ ಒಂದು ಮೊಳ ದೂರದಲ್ಲೇ ಸೂಜಿ.

ಅವಳನ್ನು ಕೂರಿಸಿ ಷರಾ ಬರೆದೆ. ‘2.51ಕ್ಕೆ ಮಗು ಬಾಗಿಲಿಗೆ ಬಂತು. ಡ್ರಮ್ಮಿನ ಕೋಣೆಯ ಗೋಡೆ ಹಿಡಿದು ನಡೆದು ಬಂದಿದೆ. ಎಡಗಾಲಿಗೆ ಉಕ್ಕಿನ ಪಟ್ಟಿ. ಮುಂದಿನ ಅಳತೆ ತೆಗೆದಿಲ್ಲ.’

ಮರುದಿನ ಸಭಾಂಗಣದಲ್ಲಿ ಎಲ್ಲರಿಗೂ ಸಿಹಿ ಹಂಚಿದರು. ಕಾಗದ ತೊಳೆದು ಗೆರೆ ಓದುವ ಕೆಲಸದವಳನ್ನು ನಾವು ಗೆರೆಯಕ್ಕ ಎನ್ನುತ್ತಿದ್ದೆವು. ಅವಳು ಬಾಗಿಲಲ್ಲೇ ನನ್ನ ತೋಳು ಹಿಡಿದು, “ಬಂದಿದೆ ಕಣೇ! ಸರಿಯಾಗಿ ಎರಡೂ ನಲವತ್ತಕ್ಕೆ ಶುರು, ಐವತ್ತೊಂದಕ್ಕೆ ಮುಗೀತು. ಹನ್ನೊಂದು ನಿಮಿಷ. ಸಾಹೇಬ್ರು ಮಕ್ಕಳ ಥರ ಕುಣೀತಿದ್ದಾರೆ,” ಎಂದಳು.

ದೊಡ್ಡ ಸಾಹೇಬರು ಗೋಡೆಯ ಮೇಲೆ ಗೆರೆಯನ್ನು ದೊಡ್ಡದು ಮಾಡಿ ತೋರಿಸಿದರು. ಅಷ್ಟು ದೂರ ನೇರ, ಆಮೇಲೆ ಸಣ್ಣ ಸಣ್ಣ ಏರಿಳಿತ. ಒಂದು ಕಡೆ ಸರ್ರನೆ ಮೇಲೆದ್ದು ಕೆಳಗೆ ಬಿದ್ದಿತ್ತು. ನಡುವೆ ಎರಡು ನಿಮಿಷ ಏನೂ ಆಗದ ಒಂದು ತಗ್ಗು, ಮತ್ತೆ ಏರಿಳಿತ, ಕೊನೆಗೆ ನೇರ. ಸಾಹೇಬರು ಕೋಲಿನಿಂದ ಒಂದೊಂದನ್ನೂ ಮುಟ್ಟಿ ಹಬೆ ಹರಡಿದ್ದು, ಹೊಳೆ ಒಡೆದದ್ದು, ಮತ್ತೆ ಕೂಡಿದ್ದು ಎಂದು ವಿವರಿಸುತ್ತಿದ್ದರು. ನಾನು ಸಿಹಿಯನ್ನು ಕೈಯಲ್ಲೇ ಹಿಡಿದು ನೋಡುತ್ತಿದ್ದೆ. ಹಿಂದಿನ ಸಂಜೆ ಮಂಡಿಗೆ ಔಷಧಿ ಹಚ್ಚಿಸಿಕೊಳ್ಳುತ್ತ ಅವಳು ಎಲ್ಲ ಹೇಳಿದ್ದಳು. ಕಿಟಕಿಯ ಹತ್ತಿರ ಬಿದ್ದೆ, ಬೂಟಿನಲ್ಲಿ ಕಲ್ಲು ಸೇರಿತ್ತು, ಗೋಡೆ ಒಳಕ್ಕೆ ಸರಿದ ಕಡೆ ಕಟ್ಟೆ ಇದೆಯಲ್ಲ, ಅಲ್ಲಿ ಕೂತು ತೆಗೆದೆ, ಆಮೇಲೆ ಎದ್ದೆ ಎಂದು. ಆ ಗೆರೆಯಲ್ಲಿ ನನ್ನ ಮಗಳು ನಡೆಯುತ್ತಿದ್ದಳು, ಹೆಜ್ಜೆ ಹೆಜ್ಜೆಯೂ ಕಾಣುತ್ತಿತ್ತು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು.

ಮಧ್ಯಾಹ್ನ ಸಾಹೇಬರಿಂದ ಕರೆ ಬಂತು. ಮೇಜಿನ ಮೇಲೆ ನನ್ನ ದಾಖಲೆ ಪುಸ್ತಕ ತೆರೆದಿತ್ತು.

“ಕೂತ್ಕೊಳ್ಳಮ್ಮ. ಷರಾ ಓದಿದೆ.”

“ಸಾರ್, ಅದು ನನ್ನ ಮಗಳು.”

“ಯಾವುದು?”

“ಆ ಗೆರೆ.”

ಅವರು ನಕ್ಕರು, ಕೆಟ್ಟ ನಗೆಯೇನಲ್ಲ. “ನಲವತ್ತು ಜನ ಆರು ವರ್ಷ ದುಡಿದಿದ್ದಾರೆ. ನೀವು ಬಂದು ಅದು ನನ್ನ ಮಗಳು ಅಂತೀರಿ.”

“ಆಚೆ ಊರಿನ ಕೇಂದ್ರದಲ್ಲೂ ಇದೇ ಅಳತೆ ತೆಗೀತಾರಲ್ಲ, ಅಲ್ಲಿ ಗೆರೆ ಅಲ್ಲಾಡಲೇ ಇಲ್ಲವಂತೆ ಸಾರ್.”

“ಗುರಿ ಅಷ್ಟು ನೇರವಾಗಿದೆ ಅಂತ ಅದರರ್ಥ. ನಮಗೆ ಬೇಕಾಗಿದ್ದೂ ಅದೇ.” ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. “ನೋಡಿ, ಬಿಳಿ ಕಲ್ಲಿನೊಳಗೆ ಕಬ್ಬಿಣ ಬಂದಿದೆ ಅಂತಾದ್ರೆ ನಾನು ಕ್ರಮ ತಗೋಬೇಕಾಗುತ್ತೆ. ನಿಮ್ಮ ಮೇಲೆ, ಆ ಮುದುಕನ ಮೇಲೆ. ಬಂದೇ ಇಲ್ಲ ಅಂತಾದ್ರೆ ಯಾರ ಮೇಲೂ ಏನೂ ಇಲ್ಲ. ಮಗು ಹೇಗಿದೆ? ಆಪರೇಷನ್ ಹನ್ನೆರಡನೇ ತಾರೀಖಲ್ವಾ?”

ತಾರೀಖು ಅವರಿಗೆ ಗೊತ್ತಿತ್ತು. ನಾನು ಹೇಳಿರಲಿಲ್ಲ.

ಸಾಹೇಬರೇ ಅಳತೆಪಟ್ಟಿ ಕೊಟ್ಟರು. ಮರದ್ದು, ಅಂಚಿಗೆ ಹಿತ್ತಾಳೆ, ನನ್ನ ಗಂಡ ಮಾಡಿದ್ದು. ನಾನು ಷರಾದ ಮೇಲೆ ಒಂದೇ ಗೆರೆ ಹೊಡೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಕೈ ಸ್ವಲ್ಪವೂ ನಡುಗಲಿಲ್ಲ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಸಂಜೆ ಒಣಗಿದ ಬಟ್ಟೆ ಮಡಚುತ್ತ ಚಿಲಿಪಿಲಿಗೆ ಹೇಳಿದೆ, “ಯಾರಾದ್ರೂ ಕೇಳಿದ್ರೆ ಗೇಟಲ್ಲೇ ಕೂತಿದ್ದೆ ಅನ್ನು ಕಂದ.”

“ಆದ್ರೆ ನಾನು ನಡೆದೆ.”

“ಹೌದು.”

“ಬಿದ್ದೂ ಬಿಟ್ಟೆ.”

“ಹೌದು ಚಿನ್ನ.”

“ಅದನ್ನೂ ಹೇಳಬಾರದಾ? ಹಾಗಾದ್ರೆ ಮಂಡಿ ಗಾಯ?”

“ಮನೇಲಿ ಬಿದ್ದೆ ಅನ್ನು.”

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. “ಒಂದು ಸಲ ನಡೆದಿದ್ದಕ್ಕೆ ಎಷ್ಟೊಂದು ಸುಳ್ಳಮ್ಮ,” ಎಂದಳು. ನೀರು ಬಂದು ಶಾಲೆ ತೆರೆದ ಕೂಡಲೇ ಎಲ್ಲರಿಗೂ ಹೇಳಬೇಕೆಂದು ಬೆಳಗಿನಿಂದ ಕಾದಿದ್ದ ಮಗು ಅವತ್ತು ಮೊದಲ ಬಾರಿಗೆ ಮಾತಿಲ್ಲದೆ ಮಲಗಿತು. ಮರುದಿನದಿಂದ ಮತ್ತೆ ನನ್ನ ಕೈ ಹಿಡಿದೇ ನಡೆಯತೊಡಗಿದಳು. ನಡೆದದ್ದೇ ತಪ್ಪಾಯಿತೆಂದು ಅವಳಿಗೆ ಅನ್ನಿಸಿತ್ತೋ ಏನೋ.

ಎರಡು ವಾರದಲ್ಲಿ ವರದಿ ಸಿದ್ಧವಾಯಿತು. ಆ ಏರಿಳಿತಕ್ಕೆ ದೊಡ್ಡ ಸಾಹೇಬರ ಹೆಸರನ್ನೇ ಇಟ್ಟರು. ಗೆರೆಯ ಚಿತ್ರಕ್ಕೆ ಚೌಕಟ್ಟು ಹಾಕಿಸಿ ಸಭಾಂಗಣದಲ್ಲಿ ತೂಗುಹಾಕಿದರು. ಚೌಕಟ್ಟು ಮಾಡಿದ್ದು ಮತ್ತೆ ನನ್ನ ಗಂಡನೇ. “ನನ್ನ ಮಗಳ ಫೋಟೋಗೆ ಕಟ್ಟು ಹಾಕಿದೆ ಅಂದ್ಕೊಂಡೆ,” ಎಂದಷ್ಟೇ ಅಂದರು, ಆ ರಾತ್ರಿ ಊಟ ಮಾಡಲಿಲ್ಲ.

ಆಮೇಲೆ ಎರಡನೇ ಪರೀಕ್ಷೆಯ ಸುದ್ದಿ ಬಂತು. ಈ ಸಲ ದೊಡ್ಡ ದೊಡ್ಡ ಸೇನಾಧಿಕಾರಿಗಳು ಕೂತು ಕಣ್ಣಾರೆ ನೋಡುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ರಾಕೆಟ್ಟುಗಳನ್ನು ಸಾಲು ಸಾಲಾಗಿ ಮಾಡಿಸುತ್ತಾರಂತೆ. ಪರೀಕ್ಷೆ ಮುಂದಿನ ತಿಂಗಳ ಇಪ್ಪತ್ತನೇ ತಾರೀಖು.

ಅದಾಗಿ ನಾಲ್ಕು ದಿನಕ್ಕೆ ಎರಡು ಕಾಗದ ಒಟ್ಟಿಗೆ ಬಂದವು. ಒಂದು ಆಸ್ಪತ್ರೆಯಿಂದ: ‘ಆಡಳಿತಾತ್ಮಕ ಕಾರಣಗಳಿಂದ ಶಸ್ತ್ರಚಿಕಿತ್ಸೆಯನ್ನು ಇಪ್ಪತ್ತರ ನಂತರಕ್ಕೆ ಮುಂದೂಡಲಾಗಿದೆ. ಹೊಸ ದಿನಾಂಕವನ್ನು ತಿಳಿಸಲಾಗುವುದು.’ ಇನ್ನೊಂದು ಸಾಹೇಬರ ಕಚೇರಿಯಿಂದ. ಇಪ್ಪತ್ತರಂದು ನಾನು ಮಗುವನ್ನು ಕೆಲಸದ ಜಾಗಕ್ಕೆ ಕರೆತರಲು ವಿಶೇಷ ಅನುಮತಿ. ಕೇಂದ್ರದ ಚರಿತ್ರೆಯಲ್ಲಿ ಅಂಥ ಅನುಮತಿ ಯಾರಿಗೂ ಸಿಕ್ಕಿರಲಿಲ್ಲ.

ನಾನು ಸಾಹೇಬರ ಹತ್ತಿರ ಓಡಿದೆ. “ಸಾರ್, ಆಪರೇಷನ್ನು...”

“ಎಂಟು ದಿನ ತಾನೇ? ಗಾಬರಿ ಯಾಕೆ? ಅವತ್ತು ಮಗು ಒಂಟಿಯಾಗಿ ಮನೇಲಿರೋದು ಬೇಡ, ಕರ್ಕೊಂಡು ಬನ್ನಿ. ಸೈರನ್ನಿಗೆ ಹೆದರಿಕೊಂಡ್ರೆ ನಿಮ್ಮ ಹತ್ತಿರ ಬರಲಿ.” ಕಿಟಕಿಯಾಚೆ ನೋಡುತ್ತ ನಿಧಾನವಾಗಿ ಸೇರಿಸಿದರು, “ಬಿಸಿಲಿರುತ್ತೆ. ಗೋಡೆ ಪಕ್ಕ ನೆರಳಲ್ಲೇ ನಡ್ಕೊಂಡು ಬರಲಿ.”

“ಅವಳ ಕಾಲಿಗೆ ಕಬ್ಬಿಣ ಇದೆ ಸಾರ್.”

“ಅದೆಲ್ಲ ಅನುಮತಿಯಲ್ಲಿ ಬಂತಲ್ಲಮ್ಮ,” ಎಂದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಷರಾವನ್ನು ನಂಬಿದವರು ಆ ಕೇಂದ್ರದಲ್ಲಿ ಇಬ್ಬರೇ ಎಂದು ಆಗ ಗೊತ್ತಾಯಿತು, ನಾನು ಮತ್ತು ಅವರು.

ಮನೆಗೆ ಬಂದು ಒಲೆ ಹಚ್ಚಿದೆ. ಹಾಲು ಉಕ್ಕಿ ಹೋಯಿತು. ಗಂಡ ಬಂದು ಒಲೆ ಆರಿಸಿದರು. ನಾನು ಎರಡು ಕಾಗದವನ್ನೂ ಅವರ ಕೈಗಿಟ್ಟೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು.

“ಕಾಲು ಸರಿಹೋದ್ರೆ ಕಬ್ಬಿಣ ಹೋಗುತ್ತೆ. ಕಬ್ಬಿಣ ಹೋದ್ರೆ ಗೆರೆ ಅಲ್ಲಾಡಲ್ಲ. ಅದಕ್ಕೇ ಮುಂದೆ ಹಾಕಿದ್ದಾರೆ ಕಣೇ.”

“ಎಂಟೇ ದಿನ ಅಂತಾರೆ.”

“ಇಪ್ಪತ್ತಕ್ಕೆ ಗೆರೆ ಬಂದ್ರೆ ಮೂರನೇ ಪರೀಕ್ಷೆ ಅಂತಾರೆ, ಆಮೇಲೆ ನಾಲ್ಕನೇದು. ಇವರಿಗೆ ಇವಳ ಕಾಲು ಯಾವತ್ತಿಗೂ ಹೀಗೇ ಇರಬೇಕು.”

“ಕರ್ಕೊಂಡು ಹೋಗದೇ ಇದ್ರೆ?”

“ಮಗುವಿಗೆ ಜ್ವರ ಅಂತ ಇವತ್ತು ಹೇಳ್ತೀಯ. ವಾರ ಬಿಟ್ಟು ಪರೀಕ್ಷೆ ಇಡ್ತಾರೆ. ಎಷ್ಟು ಸಲ ಜ್ವರ ಬರ್ಸ್ತೀಯ?”

ಅವರು ಎದ್ದು ಚಿಲಿಪಿಲಿಯ ಪಟ್ಟಿಯನ್ನು ಕೈಗೆ ತೆಗೆದುಕೊಂಡರು. ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. ಅಳತೆ ಮನೆಯ ಬಾಗಿಲು ಮಾಡಿ ಉಳಿದ ಹಿತ್ತಾಳೆಯ ಪಟ್ಟಿಗಳು ಹಿತ್ತಲಲ್ಲಿದ್ದವು.

“ಹಿತ್ತಾಳೆ ಬಗ್ಗುತ್ತೆ, ಬೇಡ ಅಂದಿದ್ರಲ್ಲ ಡಾಕ್ಟ್ರು,” ಎಂದೆ.

“ವರ್ಷಗಟ್ಟಲೆ ಹಾಕಿದ್ರೆ ಬಗ್ಗುತ್ತೆ. ಇವಳು ನಡೀಬೇಕಾಗಿರೋದು ಹನ್ನೊಂದು ನಿಮಿಷ.”

ನಾಲ್ಕು ಸಂಜೆ ಬೇಕಾಯಿತು. ಅದೇ ಉದ್ದ, ಅದೇ ಅಗಲ, ಮಂಡಿಗೆ ಅದೇ ಕೀಲು. ತಿರುಪುಗಳೂ ಹಿತ್ತಾಳೆಯವೇ. ಬೂಟಿನ ಮೊಳೆ ಕಿತ್ತು ಮರದ ಗೂಟ ಬಡಿದರು. ಚರ್ಮದ ಬೆಲ್ಟುಗಳನ್ನು ನಾನು ಹೊಲಿದೆ. ಕೊನೆಗೆ ಎಲ್ಲಕ್ಕೂ ಕಪ್ಪು ಬಣ್ಣ ಹಚ್ಚಿ ಬಿಸಿಲಿಗೆ ಇಟ್ಟೆವು.

“ಇದು ಭಾರ ಅಪ್ಪ,” ಎಂದಳು ಚಿಲಿಪಿಲಿ.

“ಒಂದು ದಿನ ತಡ್ಕೊ ರಾಣಿ. ಆಮೇಲೆ ಇದನ್ನ ಕರಗಿಸಿ ನಿಂಗೆ ಗಂಟೆ ಮಾಡ್ಕೊಡ್ತೀನಿ.”

ಇಪ್ಪತ್ತನೇ ತಾರೀಖು ಗೇಟಿನಲ್ಲಿ ತಾತ ಡಬ್ಬಿ ಹಿಡಿಯಲಿಲ್ಲ. “ಇವತ್ತು ಪುಟ್ಟಿಗೆ ತಪಾಸಣೆ ಬೇಡ ಅಂತ ಮೇಲಿಂದ ಹೇಳಿದ್ದಾರೆ ತಾಯಿ. ಮೂವತ್ತು ವರ್ಷ ಸೂಜಿ ಹಿಡ್ದಿದ್ದೀನಿ, ಇಂಥ ಮಾತು ಕೇಳಿರ್ಲಿಲ್ಲ,” ಎಂದ. ತಮಾಷೆ ಮಾಡಲಿಲ್ಲ.

ಎರಡೂವರೆಗೆ ಸೈರನ್ನು ಕೂಗಿತು. ನಾನು ಅಳತೆ ಮನೆಯಲ್ಲಿ ನಿಮಿಷಕ್ಕೊಂದು ಅಂಕಿ ಓದುತ್ತಿದ್ದೆ. ಈ ಸಲ ಬಾಗಿಲನ್ನು ತೆರೆದೇ ಇಟ್ಟಿದ್ದೆ. ಗೋಡೆಯ ಕೊನೆಯಲ್ಲಿ ಅವಳು ಕಾಣಿಸಿದಳು. ಅಪ್ಪ ಹೇಳಿಕೊಟ್ಟ ಹಾಗೆ ಗೋಡೆಗೆ ಕೈ ಇಡದೆ, ತೋಳುಗಳನ್ನು ಅಗಲಿಸಿಕೊಂಡು ಬರುತ್ತಿದ್ದಳು. ಅವಳ ತಲೆಗಿಂತ ಸ್ವಲ್ಪ ಮೇಲಿನ ಕಿಟಕಿಯೊಳಗೆ ಹಿತ್ತಾಳೆ ಪದಕ ಧರಿಸಿದವರು ಸಾಲಾಗಿ ಕೂತು ಬೆಳಕಿನ ಚುಕ್ಕೆಯನ್ನು ನೋಡುತ್ತಿದ್ದರು. ಯಾರೂ ಹೊರಗೆ ನೋಡಲಿಲ್ಲ. ಹೊರಗೆ ಒಂದು ಮಗು ಬೀಳದೆ, ಕೂರದೆ, ತುಟಿ ಕಚ್ಚಿಕೊಂಡು ನಡೆಯುತ್ತಿತ್ತು.

ಐವತ್ತಕ್ಕೆ ಅವಳು ಹೊಸ್ತಿಲು ದಾಟಿದಳು. ಹೋದ ಸಲಕ್ಕಿಂತ ಒಂದು ನಿಮಿಷ ಮೊದಲು. ನಾನು ಅವಳ ಹಣೆ ಒರೆಸಿ, ಪುಸ್ತಕ ಎಳೆದುಕೊಂಡು ಷರಾ ಬರೆದೆ.

‘2.40ರಿಂದ 2.50ರವರೆಗೆ ಮಗು ಡ್ರಮ್ಮಿನ ಕೋಣೆಯ ಗೋಡೆಯ ಪಕ್ಕ ನಡೆದು ಬಂತು. ಕಬ್ಬಿಣ: ಇಲ್ಲ.’

ಮೂರು ಗಂಟೆಗೆ ಸಾಹೇಬರು ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಡ್ರಮ್ಮಿನ ಗೆರೆ ಈ ತುದಿಯಿಂದ ಆ ತುದಿಗೆ ನೂಲು ಹಿಡಿದ ಹಾಗೆ ನೇರವಾಗಿತ್ತಂತೆ. ಅವರು ಪುಸ್ತಕ ನೋಡಿದರು, ಆಮೇಲೆ ಮಗಳ ಕಾಲು ನೋಡಿದರು. ಹೊರಗೆ ಹೋಗಿ ತಾತನ ಡಬ್ಬಿ ತಂದು, ನೆಲದ ಮೇಲೆ ಮಂಡಿಯೂರಿ ಕೂತು ಅವಳ ಪಟ್ಟಿಗೆ ಹಿಡಿದರು. ಮಂಡಿಯಿಂದ ಹಿಮ್ಮಡಿವರೆಗೆ ತಂದರು. ಸೂಜಿ ನಿದ್ದೆ ಹೋದ ಹಾಗಿತ್ತು.

“ಅಂಕಲ್, ಏನು ಹುಡುಕ್ತಿದ್ದೀರಿ?” ಎಂದು ಚಿಲಿಪಿಲಿ ಕೇಳಿದಳು.

ಈ ಮಗುವಿನ ಕಾಲಲ್ಲಿ ಕಬ್ಬಿಣ ಯಾಕಿಲ್ಲ ಎಂದು ಅವರು ನನ್ನನ್ನು ಹೇಗೆ ಕೇಳಿಯಾರು? ಬಿಳಿ ಕಲ್ಲಿನೊಳಗೆ ಕಬ್ಬಿಣ ಕೂಡದು ಎಂಬ ಗೇಟಿನ ಫಲಕದ ಕೆಳಗೆ ಅವರದೇ ಸಹಿ ಇತ್ತು. ಮಂಡಿಯ ಧೂಳು ಕೊಡವಿಕೊಂಡು ಎದ್ದರು.

“ನಿಮ್ಮ ಮಗಳಿಗೆ ನೀವು ಒಳ್ಳೇದು ಮಾಡ್ಲಿಲ್ಲಮ್ಮ,” ಎಂದರು.

ಅವರು ಹೋದ ಮೇಲೆ ಚಿಲಿಪಿಲಿ ನನ್ನ ಅಂಗಿ ಜಗ್ಗಿದಳು. “ಅಮ್ಮ, ಇವತ್ತು ನಡೆದಿದ್ದನ್ನ ಹೇಳಬಹುದಾ?”

“ಹೇಳು ಕಂದ. ಎಲ್ಲರಿಗೂ ಹೇಳು.”

ಅವಳು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ತಾತನಿಗೆ, ಗೆರೆಯಕ್ಕನಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ.

ಸಾಹೇಬರು ಹೇಳಿದ್ದು ಸುಳ್ಳಾಗಲಿಲ್ಲ. ಆಸ್ಪತ್ರೆಯ ಹೊಸ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಕೇಳಲು ಹೋದಾಗ ಮೂಳೆ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ತಿಂಗಳೊಳಗೆ ಬಡಗಿಯ ಹುದ್ದೆಯೇ ಬೇಡವೆಂದು ತೀರ್ಮಾನವಾಯಿತು. ನನ್ನನ್ನು ಅಳತೆ ಮನೆಯಿಂದ ಉಗ್ರಾಣಕ್ಕೆ ಹಾಕಿದರು. ಅಲ್ಲಿ ಸುತ್ತಲೂ ಕಬ್ಬಿಣ, ಮೊಳೆಯ ಡಬ್ಬಿಗಳನ್ನು ಎಣಿಸುವ ಕೆಲಸ. ತಾತನನ್ನು ವಯಸ್ಸಾಯಿತೆಂದು ಮನೆಗೆ ಕಳಿಸಿದರು. ಅವನು ಹೋಗುವಾಗ ಪೆಟ್ಟಿಗೆಯಲ್ಲಿ ಯಾರೋ ಮರೆತುಹೋಗಿದ್ದ ತಲೆಪಿನ್ನು ನನ್ನ ಕೈಗಿಟ್ಟು, “ಇನ್ನು ಮುಡ್ಕೋಬಹುದು ತಾಯಿ,” ಎಂದ.

ಚಿಲಿಪಿಲಿ ಮತ್ತೆ ಉಕ್ಕಿನ ಪಟ್ಟಿ ಹಾಕಿಕೊಂಡಳು. ಊರಿನ ದೊಡ್ಡಾಸ್ಪತ್ರೆಯ ಸರದಿ ಬರುವ ಹೊತ್ತಿಗೆ ಅವಳಿಗೆ ಒಂಬತ್ತೂವರೆ. ಆಪರೇಷನ್ ಆಯಿತು. ಪಟ್ಟಿಯೂ ಹೋಯಿತು. ಮಂಡಿ ಮಾತ್ರ ಅರ್ಧಕ್ಕಿಂತ ಹೆಚ್ಚು ಮಡಚಲಿಲ್ಲ, ಇನ್ನು ಮಡಚುವುದೂ ಇಲ್ಲ. ನೆಲದ ಮೇಲೆ ಕೂರಬೇಕಾದಾಗ ಆ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಕೂರುತ್ತಾಳೆ. ಎಂಟರೊಳಗೆ ಆಗಿದ್ದರೆ ಎಂದು ನಾನು ಯೋಚಿಸದ ದಿನವಿಲ್ಲ. ಅವಳು ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ಯೋಜನೆ ನಿಂತಿತೇ ಎಂದರೆ ಅದೂ ಇಲ್ಲ. ಎರಡನೇ ಪರೀಕ್ಷೆಯ ದಿನ ಮೇಲಿನ ಗಾಳಿ ಅನುಕೂಲವಾಗಿರಲಿಲ್ಲ ಎಂದು ಬರೆದುಕೊಂಡರು. ಮೂರನೆಯದನ್ನು ಬೇರೆ ಕಡೆ ಮಾಡಿದರು, ನಾಲ್ಕನೆಯದನ್ನು ಇನ್ನೂ ದೂರದಲ್ಲಿ. ಮೊದಲ ಗೆರೆಯಂಥದ್ದು ಇನ್ನೊಂದು ಸಿಗಲೇ ಇಲ್ಲವಂತೆ. ಹಾಗೆಂದೇ ಅದರ ಬೆಲೆ ಹೆಚ್ಚಾಗಿದೆ. ಗೆರೆಯಕ್ಕ ನಿವೃತ್ತಿಯಾಗುವಾಗ ಅದರ ಪ್ರತಿಯೊಂದನ್ನು ಕದ್ದು ತಂದುಕೊಟ್ಟಳು. ಜೊತೆಗೆ, ಈಗ ಅಲ್ಲಿ ಹೊಸಬರಿಗೆ ಪಾಠ ಹೇಳುವ ಪುಸ್ತಕವನ್ನೂ ಕೊಟ್ಟಳು. ಅದರ ನಲವತ್ತನೇ ಪುಟದಲ್ಲಿ ಸಾಹೇಬರ ಹೆಸರಿನ ಕೆಳಗೆ ಆ ಗೆರೆ ಇದೆ.

ಮೊನ್ನೆ ಸಂಜೆ ನಾನು ತರಕಾರಿ ಹೆಚ್ಚುತ್ತಿದ್ದೆ. ಹದಿನೇಳು ವರ್ಷದ ಮಗಳು ಕಾಲು ಚಾಚಿಕೊಂಡು ಪಕ್ಕದಲ್ಲಿ ಕೂತು ಆ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಳು.

“ಕೇಳಮ್ಮ ಇಲ್ಲಿ. ‘ನಡುವೆ ಕಾಣುವ ಎರಡು ನಿಮಿಷದ ತಗ್ಗಿಗೆ ಕಾರಣ ಇನ್ನೂ ತಿಳಿದಿಲ್ಲ. ಇದನ್ನು ಅರಿಯಲು ಮುಂದಿನ ವರ್ಷ ಇನ್ನೂ ಐದು ಪ್ರಯೋಗಗಳನ್ನು ಯೋಜಿಸಲಾಗಿದೆ.’”

ಪುಸ್ತಕ ಮಡಚಿ ನನ್ನ ಮುಖ ನೋಡಿದಳು.

“ಬೂಟಲ್ಲಿ ಕಲ್ಲಿತ್ತು ಅಂತ ಇವರಿಗೆ ಯಾರಮ್ಮ ಹೇಳೋದು?”